ಸರ್ಕಾರದ ಸಹಿಗೆ ಪ್ರಜೆ ಏಕೆ ಜಾಮೀನು ನಿಲ್ಲಬೇಕು?

ನೆರೆಮನೆಯ ಹುಡುಗಿಗೆ ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಪದವಿ ಪ್ರಮಾಣಪತ್ರವನ್ನು ಅಪ್ಪ ಲ್ಯಾಮಿನೇಷನ್ ಮಾಡಿಸಿ, ಸೀರೆಯ ಮಡಿಕೆಯೊಳಗೆ ಜೋಪಾನ ಮಾಡಿದ್ದರು. ಅದನ್ನು ಹಿಡಿದು ಉಡುಪಿಯಿಂದ ರಾತ್ರಿ ಬಸ್ಸಿನಲ್ಲಿ ಮೂವರೂ ಬೆಂಗಳೂರಿಗೆ ಹೋದೆವು. ದೃಢೀಕರಣದ ಕೌಂಟರಿನಲ್ಲಿದ್ದವರು, ಹಿಂಬದಿಗೆ ಸೀಲು ಬೀಳಬೇಕು, ಪ್ಲಾಸ್ಟಿಕ್ ತೆಗೆಸಿಕೊಂಡು ಬನ್ನಿ ಎಂದರು. ಹತ್ತಿರದ ಝೆರಾಕ್ಸ್ ಅಂಗಡಿಯ ಹುಡುಗ ಇಸ್ತ್ರಿಪೆಟ್ಟಿಗೆ ಬಿಸಿಮಾಡಿ, ಮೇಲೊಂದು ಬಟ್ಟೆ ಹಾಸಿ, ಅಂಚಿನಿಂದ ಇಷ್ಟಿಷ್ಟೇ ಸುಲಿಯತೊಡಗಿದ. ಕುಲಪತಿಗಳ ಸಹಿಯ ಹತ್ತಿರ ಬಂದಾಗ ಕಾಗದ ಚರ್ರೆಂದಿತು. ಅವಳು ಆಚೆ ತಿರುಗಿ ನಿಂತಳು. ಅಪ್ಪ ನನ್ನನ್ನು ಕೇಳಿದರು: "ಮಾಷ್ಟ್ರೇ, ಇದು ಸರ್ಕಾರದವರೇ ಕೊಟ್ಟ ಕಾಗದ ಅಲ್ವಾ? ಅವರ ಕಾಗದ ಅವರಿಗೇ ಗುರ್ತ ಸಿಗುದಿಲ್ವಾ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಧಿಕಾರದಲ್ಲಿರುವವರ ಬಳಿಯೂ ಇಲ್ಲ ಎಂದು ಈಗ ಅನ್ನಿಸುತ್ತಿದೆ.

ಯುಎಇಗೆ ಹೋಗುವ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದ್ದು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಇಂಥ ಮುದ್ರೆಗಳನ್ನು ಕಡಿಮೆ ಮಾಡುವ ಹೇಗ್ ಒಪ್ಪಂದಕ್ಕೆ ಯುಎಇ ಸೇರಿಲ್ಲ, ಕೊನೆಯ ಎರಡು ಮುದ್ರೆಗಳನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಇದನ್ನು ಒಪ್ಪುತ್ತೇನೆ. ನನ್ನ ಜಗಳ ಮೊದಲ ಮುದ್ರೆಯ ಜೊತೆ.

ಈ ಸರಪಳಿ ಕಡಿಯಬೇಕೆಂದೇ 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಆ ಒಪ್ಪಂದವಾಯಿತು. ಕನಿಷ್ಠ ಒಂಬತ್ತು ಸೆಂಟಿಮೀಟರ್ ಬದಿಯ ಒಂದು ಚೌಕ, ಅದರೊಳಗೆ ಹತ್ತು ಸಾಲು: ಅದೇ ಅಪೋಸ್ಟಿಲ್. ಅದೊಂದಿದ್ದರೆ ರಾಯಭಾರ ಕಚೇರಿಯ ಬಾಗಿಲು ತಟ್ಟಬೇಕಿಲ್ಲ. ಭಾರತದಲ್ಲಿ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಒಮಾನ್, ಬಹ್ರೇನ್ ನಂತರ ಸೇರಿದವು, ಸೌದಿ ಅರೇಬಿಯಾ 2022ರಲ್ಲಿ ಬಂತು. ಹೊರಗಿನ ಸರಪಳಿ ಕಡಿಯುತ್ತಾ ಬಂದಿದೆ. ಒಳಗಿನದು ಮಾತ್ರ ಹಾಗೇ ಇದೆ. ವಿದೇಶಾಂಗ ಸಚಿವಾಲಯವೇನೋ ತನ್ನ ಕೆಲಸವನ್ನು 2019ರಿಂದ ದೆಹಲಿಯಾಚೆಗೂ ಹಂಚಿ ಬೆಂಗಳೂರಿಗೂ ತಂದಿತು. ಅಪೋಸ್ಟಿಲ್‌ಗೆ ಅದು ತೆಗೆದುಕೊಳ್ಳುವ ಶುಲ್ಕ ಬರೀ 50 ರೂಪಾಯಿ. ನಮ್ಮೂರಿನ ಏಜೆಂಟ್ ಆ ಹುಡುಗಿಯ ಮೂರು ಕಾಗದಗಳಿಗೆ ಕೇಳಿದ್ದು 18,000. ರಾಯಭಾರ ಕಚೇರಿಯ ಶುಲ್ಕ ಕಳೆದರೂ ಉಳಿದದ್ದು ಅವಳ ಇಲ್ಲಿನ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿತ್ತು.

ಇಷ್ಟೆಲ್ಲ ಬಿಗಿ ಇಲ್ಲದಿದ್ದರೆ ನಕಲಿ ಪದವಿಗಳು ವಿದೇಶಕ್ಕೆ ಹೋಗುತ್ತವೆ, ದೇಶದ ಮರ್ಯಾದೆ ಏನಾಗಬೇಕು ಎಂದು ವಾದಿಸುವವರಿದ್ದಾರೆ. ನಕಲಿ ನರ್ಸ್ ಎಂದರೆ ಜೀವದ ಪ್ರಶ್ನೆ, ಆ ಭಯ ನನಗೂ ಇದೆ. ಆದರೆ ಅಪೋಸ್ಟಿಲ್ ಹೇಳುವುದೇನು? ಸಹಿ ನಿಜ, ಸಹಿ ಹಾಕಿದವರಿಗೆ ಆ ಹುದ್ದೆ ಇತ್ತು, ಮುದ್ರೆ ಅಸಲಿ. ಇಷ್ಟೇ. ಒಳಗೆ ಬರೆದದ್ದು ಸತ್ಯ ಎಂದು ಅದು ಎಲ್ಲಿಯೂ ಹೇಳುವುದಿಲ್ಲ, ಒಪ್ಪಂದವೇ ಅಷ್ಟಕ್ಕೆ ಸೀಮಿತ. ಮುದ್ರೆಯ ಮೇಲೆ ಮುದ್ರೆ ಒತ್ತಿದರೆ ನಂಬಿಕೆ ಹುಟ್ಟುತ್ತದೆ ಎನ್ನುವವರು ಜರ್ಮನಿಯ ಕಡೆ ನೋಡಬೇಕು. ಭಾರತ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತು, ಹಾಗಾಗಿ ಎರಡೂ ದೇಶಗಳ ನಡುವೆ ಅದು ಅನ್ವಯವಾಗಲಿಲ್ಲ. ನಮ್ಮ ನರ್ಸುಗಳನ್ನು ಕರೆಯುವ ದೇಶವೇ ನಮ್ಮ ಅಪೋಸ್ಟಿಲ್ ಒಲ್ಲೆ ಎಂದಿತು. ಇದು ನನಗೆ ನಿಜಕ್ಕೂ ನಾಚಿಕೆಯ ವಿಷಯ.

ನಕಲಿಯನ್ನು ಹಿಡಿಯುವುದು ಮೂಲ ದಾಖಲೆ ಮಾತ್ರ. ಆ ದಾಖಲೆ ಇರುವುದು ಯಾರ ಬಳಿ? ಎಸ್ಸೆಸ್ಸೆಲ್ಸಿ ಅಂಕಗಳು ಪರೀಕ್ಷಾ ಮಂಡಳಿಯಲ್ಲಿವೆ, ಜನನ ನೋಂದಣಿ ಇ-ಜನ್ಮದಲ್ಲಿದೆ. ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲೇ ಇದೆ. ದೃಢೀಕರಿಸುವ ಇಲಾಖೆ ಇರುವುದೂ ಅದೇ ಊರಿನಲ್ಲಿ. ಅವರವರೇ ಕೇಳಿಕೊಳ್ಳಬಹುದಾದ ಮಾತನ್ನು 400 ಕಿಲೋಮೀಟರ್ ದೂರದ ಹುಡುಗಿಯ ತಲೆಗೆ ಹೊರಿಸಿದ್ದೇವೆ. ಈ ತಲೆಹೊರೆ ಇಳಿಸುವುದಕ್ಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ಇ-ಸನದ್ ತಂದಿತು. ದಾಖಲೆ ಕೊಟ್ಟ ಸಂಸ್ಥೆ ತನ್ನ ಭಂಡಾರವನ್ನು ಅದಕ್ಕೆ ಜೋಡಿಸಿದ್ದರೆ ಅರ್ಜಿದಾರ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೆ ಇಪ್ಪತ್ತು ವರ್ಷದ ಹಿಂದೆ ಓದಿದವರ ಹೆಸರು ಕೈಬರಹದ ರಿಜಿಸ್ಟರಿನಲ್ಲಿದ್ದರೆ ಯಾವ ಪೋರ್ಟಲ್ಲೂ ಅವರ ಕೈಹಿಡಿಯುವುದಿಲ್ಲ. ಆ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕಾದವರು ಸರ್ಕಾರದವರು, ನಾವಲ್ಲ.

ಕೇರಳವನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅಲ್ಲಿ ನೋರ್ಕಾ ರೂಟ್ಸ್ ಎಂಬ ಸರ್ಕಾರಿ ಸಂಸ್ಥೆ ತಿರುವನಂತಪುರ, ಎರ್ನಾಕುಳಂ, ಕೋಝಿಕ್ಕೋಡ್‌ಗಳಲ್ಲಿ ಪ್ರಮಾಣಪತ್ರ ದೃಢೀಕರಿಸಿಕೊಡುತ್ತದೆ. ಗಲ್ಫ್ ದೇಶಗಳ ರಾಯಭಾರ ಕಚೇರಿಯ ಮುದ್ರೆಯನ್ನೂ ತರಿಸಿಕೊಡುತ್ತದೆ. ತಲಪಾಡಿ ಗಡಿಯಿಂದ ಈಚೆಗೆ ನಮಗೆ ಏಜೆಂಟರೇ ಗತಿ. ಭಟ್ಕಳ, ಕುಂದಾಪುರ, ಮಂಗಳೂರಿನವರು ಗಲ್ಫಿಗೆ ಹೋಗತೊಡಗಿ ಎರಡು ತಲೆಮಾರು ದಾಟಿತು. ಅವರು ಕಳಿಸಿದ ದುಡ್ಡಿನಿಂದ ಕರಾವಳಿಯಲ್ಲಿ ಎಷ್ಟು ಮನೆ ಎದ್ದವು, ಎಷ್ಟು ಮಕ್ಕಳು ಓದಿದರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಮಂಗಳೂರಿನಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಪಾಸ್‌ಪೋರ್ಟಿಗೆ ನಮ್ಮ ಬೆರಳಚ್ಚನ್ನೂ ಮುಖವನ್ನೂ ಅಲ್ಲಿಯೇ ನಂಬುತ್ತಾರೆ. ಅದೇ ಊರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ ಕೌಂಟರ್ ಒಂದು ಬೇಕು, ಕಲಬುರಗಿಯಲ್ಲಿ ಇನ್ನೊಂದು, ಹುಬ್ಬಳ್ಳಿಯಲ್ಲಿ ಮತ್ತೊಂದು. ಶುಲ್ಕ ಎಷ್ಟು, ಎಷ್ಟು ದಿನ ಎಂಬುದನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಮೂಲ ಪ್ರತಿಯನ್ನು ಕೊಟ್ಟವರ ಕೈಗೇ ಅದೇ ದಿನ ವಾಪಸು ಕೊಡಬೇಕು, ವಿಚಾರಿಸುವುದೇನಿದ್ದರೂ ವಿಶ್ವವಿದ್ಯಾಲಯದ ಜೊತೆ ನೇರವಾಗಿ ವಿಚಾರಿಸಿಕೊಳ್ಳಲಿ.

ಆ ಹುಡುಗಿ ಹೋಗಿ ಎಂಟು ತಿಂಗಳಾಯಿತು. ಅವಳ ಪ್ರಮಾಣಪತ್ರದ ಹಿಂಬದಿಯಲ್ಲಿ ನೇರಳೆ ಶಾಯಿ ಕಾಗದ ದಾಟಿ ಮುಂಬದಿಗೂ ಇಣುಕಿದೆ, ಅವಳ ಹೆಸರಿನ ಕೊನೆಯ ಅಕ್ಷರದ ಮೇಲೆ.