ಖಾತೆ ಪುಸ್ತಕವೊಂದೇ ಸಾಲದು

ಕಮತಗಿ, ಇಳಕಲ್, ಗುಳೇದಗುಡ್ಡಗಳ ವರ್ತಕ ಬಾಂಧವರಿಗೆ ಉದ್ರಿ ವ್ಯಾಪಾರದ ಬಗ್ಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಸೀರೆಯ ವ್ಯಾಪಾರ ನಡೆಯುವುದೇ ಉದ್ರಿಯ ಮೇಲೆ. ಈ ಹಬ್ಬಕ್ಕೆ ಮಾಲು ಹೋದರೆ ಮುಂದಿನ ಹಬ್ಬಕ್ಕೆ ಹಣ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಬಾರದೆ ಹೋದಾಗ ಕೀರ್ದಿ-ಖಾತೆಗಳನ್ನು ಕಂಕುಳಲ್ಲಿರಿಸಿಕೊಂಡು ವಕೀಲರಲ್ಲಿಗೆ ಹೋಗುತ್ತೇವೆ. ದೀಪಾವಳಿಯ ಪಾಡ್ಯದಂದು ಪೂಜಿಸಿ ತೆರೆದ ಪುಸ್ತಕದಲ್ಲಿ ಸುಳ್ಳನ್ನು ಯಾರು ಬರೆದಾರು ಎಂಬುದು ನಮ್ಮ ನಂಬಿಕೆ. ನ್ಯಾಯಾಲಯವೂ ಹಾಗೆಯೇ ನಂಬಬೇಕೆಂದು ನಿರೀಕ್ಷಿಸುತ್ತೇವೆ. ಈ ನಿರೀಕ್ಷೆ ತಪ್ಪೆಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಹಾರಾಷ್ಟ್ರದ ಕಡೆಯ ಒಬ್ಬ ಗಿರಾಕಿಯ ಮೇಲೆ ಸುಮಾರು ಎರಡು ಲಕ್ಷ ರೂಪಾಯಿಗಳ ಬಾಕಿಗಾಗಿ ದಾವೆ ಹೂಡಿದ್ದೆ. ನನ್ನ ಖಾತೆಯಲ್ಲಿ ಒಂದು ಚಿತ್ತು ಕಾಟು ಇರಲಿಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ ಪ್ರಶ್ನೆಗಳು ಮೂರೇ: ಈ ಬರಹ ಯಾರ ಕೈಯದು? ಬರೆದ ಗುಮಾಸ್ತನನ್ನು ಏಕೆ ಕರೆಸಿಲ್ಲ? ಮಾಲು ಮುಟ್ಟಿದ್ದಕ್ಕೆ ನಮ್ಮ ಕಕ್ಷಿದಾರರ ಸಹಿ ಎಲ್ಲಿದೆ? ಗುಮಾಸ್ತ ಅಷ್ಟರಲ್ಲಿ ಕೆಲಸ ಬಿಟ್ಟು ಸೊಲ್ಲಾಪುರಕ್ಕೆ ಹೋಗಿದ್ದ. ಪಾರ್ಸೆಲ್ ರಸೀದಿಗಳನ್ನು, ಮಾಲು ಸುರಕ್ಷಿತವಾಗಿ ಮುಟ್ಟಿತೆಂದು ಫೋನು ಬಂದ ಮೇಲೆ, ನಾನೇ ಹರಿದು ಎಸೆದಿದ್ದೆ. ದಾವೆ ವಜಾ ಆಯಿತು. ಹೊರಗೆ ಬಂದು “ಕಾಯ್ದೆ ಮುಳುಗಿಸುವವರ ಪರವಾಗಿದೆ” ಎಂದು ಎಲ್ಲರಂತೆ ನಾನೂ ಬೈದೆ. ಈಗ ಹಾಗೆ ಅನ್ನಿಸುವುದಿಲ್ಲ.

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 34ನೆಯ ಕಲಂ ನಮ್ಮಂಥವರಿಗಾಗಿಯೇ ಬರೆದಂತಿತ್ತು. ವ್ಯವಹಾರದ ಓಘದಲ್ಲಿ ಕ್ರಮವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕಗಳ ನಮೂದುಗಳು ಪ್ರಸ್ತುತ ಸಾಕ್ಷ್ಯ. ಆದರೆ ಅವುಗಳಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು. ಒಬ್ಬನು ಇನ್ನೊಬ್ಬನ ಮೇಲೆ ಸಾವಿರ ರೂಪಾಯಿಗೆ ದಾವೆ ಹೂಡಿ ತನ್ನ ಖಾತೆಯನ್ನು ತೋರಿಸಿದರೆ, ಬೇರೆ ಸಾಕ್ಷ್ಯವಿಲ್ಲದೆ ಅಷ್ಟೇ ಸಾಲದೆಂಬ ಉದಾಹರಣೆಯೂ ಆ ಕಲಮಿನ ಕೆಳಗೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಇದೇ ಮಾತು 28ನೆಯ ಕಲಮಿನಲ್ಲಿ ಉಳಿದಿದೆ. ಗಣಕಯಂತ್ರದಲ್ಲಿ ಇಟ್ಟ ಲೆಕ್ಕಕ್ಕೂ ಇದೇ ನಿಯಮ. ಬ್ಯಾಂಕುಗಳಿಗೂ ವಿನಾಯಿತಿಯಿಲ್ಲ: ಚಂದ್ರಧರ ಗೋಸ್ವಾಮಿ ವಿರುದ್ಧ ಗೌಹಾಟಿ ಬ್ಯಾಂಕ್ ಪ್ರಕರಣದಲ್ಲಿ, ಬರಿಯ ಖಾತೆಯ ನಮೂದಿನಿಂದ ಸಾಲ ರುಜುವಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1998ರಲ್ಲಿ ಹವಾಲಾ ಪ್ರಕರಣದ ವಿ.ಸಿ. ಶುಕ್ಲಾ ತೀರ್ಪಿನಲ್ಲಿ, ಬಿಡಿ ಹಾಳೆಗಳನ್ನು ಲೆಕ್ಕದ ‘ಪುಸ್ತಕ’ ಎನ್ನಲಾಗದೆಂದೂ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಚೀಟಿಗಳನ್ನು ಸೂಜಿಗೆ ಪೋಣಿಸಿಟ್ಟು ಅದನ್ನೇ ಲೆಕ್ಕವೆನ್ನುವ ನಮ್ಮ ಕೆಲವು ಮಿತ್ರರು ಇದನ್ನು ಗಮನಿಸಬೇಕು.

ಈ ನಿಯಮದಲ್ಲಿ ಅನ್ಯಾಯವೇನಿದೆ? ಖಾತೆಯನ್ನು ಬರೆಯುವವನು ಸಾಲಕೊಟ್ಟವನೇ. ಅವನ ಬರಹವಷ್ಟೇ ಸಾಕೆಂದಾದರೆ ನಾಳೆ ನೂಲಿನ ವ್ಯಾಪಾರಿಯೊಬ್ಬ ನಮ್ಮ ಹೆಸರಿನಲ್ಲಿ ನಾಲ್ಕು ಸಾಲು ಬರೆದುಕೊಂಡರೆ ನಮ್ಮ ಗತಿಯೇನು?

ನೇಕಾರರ ಸಂಗಡ ನಮ್ಮ ವ್ಯವಹಾರವನ್ನು ನೆನೆಯಿರಿ. ನೂಲು, ರೇಷ್ಮೆಗಳನ್ನು ತೂಗಿ ಕೊಡುವಾಗ, ನೇಯ್ದ ಸೀರೆಯನ್ನು ಎಣಿಸಿ ಪಡೆಯುವಾಗ, ಮಜೂರಿ ಕೊಡುವಾಗ ನಮ್ಮ ಪುಸ್ತಕದಲ್ಲಿ ಬರೆದುದನ್ನೇ ನೇಕಾರನ ಚಿಕ್ಕ ಪುಸ್ತಕದಲ್ಲಿಯೂ ಬರೆದುಕೊಡುವ ರೂಢಿ ಅನೇಕರಲ್ಲಿದೆ. ಎರಡು ಮನೆಗಳಲ್ಲಿ ಎರಡು ಬರಹ. ಸಾಕ್ಷ್ಯದ ಕಾಯ್ದೆ ಬಯಸುವುದು ಇಂಥದನ್ನೇ. ಆದರೆ ಐದುನೂರು ರೂಪಾಯಿಗಳ ಮಜೂರಿಗೆ ತೋರುವ ಈ ಎಚ್ಚರವನ್ನು ಎರಡು ಲಕ್ಷದ ಗಿರಾಕಿಯ ಮುಂದೆ ನಾವು ತೋರುವುದಿಲ್ಲ. ಅವನು ದೊಡ್ಡವನು, ಸಹಿ ಕೇಳಿದರೆ ಮುನಿದಾನು ಎಂಬ ಸಂಕೋಚ. ಬಡವನಲ್ಲಿ ಕೇಳುವುದನ್ನು ಉಳ್ಳವನಲ್ಲಿ ಕೇಳಲಾರೆವು ಎಂಬುದೇ ನಿಜ. ಇದನ್ನು ಬರೆಯಲು ನನಗೂ ನಾಚಿಕೆಯಾಗುತ್ತದೆ.

ಸಹಿಯ ಬದಲು ನಾವು ಏನು ಮಾಡುತ್ತೇವೆ? ಖಾಲಿ ಚೆಕ್ಕಿಗೆ ರುಜು ಹಾಕಿಸಿ ಪೆಟ್ಟಿಗೆಯಲ್ಲಿಡುತ್ತೇವೆ. ಚೆಕ್ಕು ಬಲವಾದ ಸಾಕ್ಷ್ಯವೆಂಬುದು ದಿಟ. ನಮ್ಮ ರಾಜ್ಯದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣವು 45,000 ರೂಪಾಯಿಗಳ ಒಂದು ಚೆಕ್ಕಿನದು. ಚೆಕ್ಕು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ರುಜು ಒಪ್ಪಿಕೊಂಡ ಚೆಕ್ಕಿನ ಹಿಂದೆ ಕಾನೂನುಬದ್ಧ ಸಾಲವಿತ್ತೆಂದೇ ನ್ಯಾಯಾಲಯ ಮೊದಲು ಭಾವಿಸಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನೋಟೀಸಿಗೆ ಉತ್ತರ ಕೊಡದಿದ್ದುದೂ ಆರೋಪಿಗೆ ಪ್ರತಿಕೂಲವಾಯಿತು. ಆದರೆ ಆ ತೀರ್ಪಿನ ಇನ್ನರ್ಧವನ್ನು ನಾವು ಓದುವುದಿಲ್ಲ. ಆರೋಪಿಯು ಸಾಲದ ಬಗ್ಗೆ ನಂಬಬಹುದಾದ ಸಂಶಯವನ್ನು ಎಬ್ಬಿಸಿದರೆ ಸಾಕು, ಭಾರವು ಮರಳಿ ನಮ್ಮ ಹೆಗಲಿಗೆ. ಆಗ ಮಾಲು ಕೊಟ್ಟಿದ್ದನ್ನು ತೋರಿಸಲೇಬೇಕು. ಖಾತೆಯಲ್ಲಿ ಒಂದು ಮೊತ್ತ, ಚೆಕ್ಕಿನಲ್ಲಿ ಇನ್ನೊಂದು ಇದ್ದರೆ ನಮ್ಮ ಚೆಕ್ಕೇ ನಮ್ಮನ್ನು ಸುಳ್ಳುಗಾರರನ್ನಾಗಿಸುತ್ತದೆ. ಇನ್ನು ಅವಧಿಯ ಮಾತು: ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟೀಸು, ಅದು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ, ಅದು ಕಳೆದ ಮೇಲೆ ದೂರಿಗೆ ಒಂದು ತಿಂಗಳು.

ಈಗ ಆರ್ಡರುಗಳೆಲ್ಲ ವಾಟ್ಸ್‌ಆ್ಯಪಿನಲ್ಲಿ ಬರುತ್ತಿವೆ. “ಇಪ್ಪತ್ತು ಸೀರೆ ಕಳಿಸಿ, ದಸರೆಗೆ ಹಣ” ಎಂಬ ಒಂದು ಸಂದೇಶವು ಒಂದು ಖಾತೆ ಪುಸ್ತಕಕ್ಕಿಂತ ಹೆಚ್ಚಿನ ಬೆಲೆಯದಾಗಬಹುದು, ಏಕೆಂದರೆ ಅದು ಎದುರಿನವನ ಬರಹ. ಆದರೆ ಅದನ್ನು ಕಾಗದದ ಮೇಲೆ ಮುದ್ರಿಸಿ ಹಾಜರುಪಡಿಸಿದರೆ ಸಾಲದು, ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಅದರ ಒಡೆಯನೇ ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಪ್ರಮಾಣಪತ್ರ ಬೇಡವೆಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಹೇಳಿದೆ. ಆದುದರಿಂದ ಬಾಕಿ ತೀರುವವರೆಗೆ ಹಳೆಯ ಫೋನನ್ನು ಮಾರಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಹೊಸ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಎರಡನೆಯದನ್ನು ಪರಿಣತನೊಬ್ಬ ತುಂಬಬೇಕು. ಈ ಒಂದು ವಿಷಯದಲ್ಲಿ ನನ್ನ ತಕರಾರಿದೆ. ಮಹಾನಗರದ ಕಂಪನಿಗೆ ಇದು ಸುಲಭ. ಹದಿನೈದು ಸಾವಿರದ ಬಾಕಿಗಾಗಿ ಕಮತಗಿಯ ವ್ಯಾಪಾರಿ ಪರಿಣತನನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಚಿಕ್ಕ ಮೊತ್ತದ ದಾವೆಗಳಲ್ಲಿ ಇದನ್ನು ಸಡಿಲಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಬರೆಯುವುದು ಯೋಗ್ಯ.

ಸರ್ಕಾರ ಕೇಳುವವರೆಗೆ ನಮ್ಮ ಸಂಸ್ಥೆಯೇ ಮಾಡಬಹುದಾದ ಕೆಲಸವೊಂದಿದೆ. ಮಾಲು ಮುಟ್ಟಿದ ಚೀಟಿಯ ಒಂದು ನಮೂನೆಯನ್ನು ಕನ್ನಡ ಹಾಗೂ ಮರಾಠಿಗಳಲ್ಲಿ ಮುದ್ರಿಸಿ ಸದಸ್ಯರಿಗೆ ಒದಗಿಸಲಿ. ಎಲ್ಲರೂ ಅದನ್ನೇ ಕಳಿಸಿದರೆ ಯಾವ ಗಿರಾಕಿಯೂ ಒಬ್ಬನ ಮೇಲೆ ಮುನಿಯಲಾರ. ಜೊತೆಗೆ ವರ್ಷಕ್ಕೊಮ್ಮೆ ಬಾಕಿ ಖಾತ್ರಿ ಪತ್ರ: “ನಮ್ಮ ಲೆಕ್ಕದಂತೆ ತಮ್ಮಿಂದ ಇಷ್ಟು ಬರಬೇಕಾಗಿದೆ, ಸರಿಯಿದ್ದಲ್ಲಿ ಸಹಿ ಮಾಡಿ ಮರಳಿಸಿರಿ.” ಇದು ಖಾತೆಗೆ ಬೇಕಾದ ಆಸರೆಯ ಸಾಕ್ಷ್ಯವೂ ಹೌದು, ವಾಯಿದೆ ಮುಗಿಯುವ ಮೊದಲು ಸಹಿ ಬಿದ್ದರೆ 1963ರ ಪರಿಮಿತಿ ಅಧಿನಿಯಮದ 18ನೆಯ ಕಲಮಿನಂತೆ ದಾವೆಯ ಮೂರು ವರ್ಷಗಳ ಅವಧಿಯೂ ಹೊಸದಾಗಿ ಆರಂಭವಾಗುತ್ತದೆ. ಮುಗಿದ ಮೇಲೆ ಬಿದ್ದ ಸಹಿಗೆ ಆ ಫಲವಿಲ್ಲ.

ಕಳೆದ ಪಾಡ್ಯದಂದು ನಾನು ನನ್ನ ಗಿರಾಕಿಗಳಿಗೆಲ್ಲ ಇಂಥ ಪತ್ರ ಕಳಿಸಿದೆ. ಹೆಚ್ಚಿನವರು ಸಹಿ ಮಾಡಿ ಕಳಿಸಿದರು. ಕೆಲವರು ಸುಮ್ಮನಿದ್ದಾರೆ, ಅವರಿಗೆ ಈಗ ಉದ್ರಿ ಮಾಲು ಹೋಗುತ್ತಿಲ್ಲ. ಒಬ್ಬ ಹಿರಿಯರು ಮಾತ್ರ ಮೊತ್ತಕ್ಕೆ ಗೀಟು ಹಾಕಿ, ಮರಳಿಸಿದ ಮೂರು ಸೀರೆಗಳನ್ನು ಜಮೆ ಹಿಡಿದಿಲ್ಲವೆಂದು ಬರೆದರು. ಕೀರ್ದಿ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿಯಿತ್ತು.