ಗಾಡಿಯೇ ಮನೆಯಾದರೆ: ಕ್ಯಾಮೆರಾ ಇರಲಿ, ಕಟ್ಟುಪಾಡೂ ಇರಲಿ

ಮುಂಬಯಿ-ಪುಣೆ-ಸೊಲ್ಲಾಪುರ ಮಾರ್ಗವಾಗಿ ಹೈದರಾಬಾದಿಗೆ ಬರುವವರಿಗೆ ಪಟಾನ್‌ಚೆರು ಎಂದರೆ ಲಾರಿಗಳ ಊರು. ಹಿಂದೆ ಒಂಬತ್ತನೇ ನಂಬರಿನ ಹೆದ್ದಾರಿ ಎಂದು ಕರೆಸಿಕೊಳ್ಳುತ್ತಿದ್ದ, ಈಗ 65 ಎಂಬ ಸಂಖ್ಯೆ ಹೊತ್ತಿರುವ ಈ ರಸ್ತೆಯ ಪಕ್ಕದಲ್ಲಿ ರಾತ್ರಿಯಾದೊಡನೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕ್ಯಾಬಿನ್ನಿನಲ್ಲಿ ಚಾಲಕ ಮಲಗಿರುತ್ತಾನೆ, ಕೆಳಗೆ ಕ್ಲೀನರ್ ಸ್ಟವ್ ಹಚ್ಚಿ ಅನ್ನಕ್ಕೆ ಇಟ್ಟಿರುತ್ತಾನೆ, ಕನ್ನಡಿಯ ಸರಳಿಗೆ ಒಗೆದ ಬನಿಯನ್ ಒಣಗುತ್ತಿರುತ್ತದೆ. ತಿಂಗಳ ಬಹುಪಾಲು ಗಾಡಿಯಲ್ಲೇ ಬದುಕುವ ಇವರನ್ನು ಸಾಹಸಿಗಳೆಂದು ಇದುವರೆಗೆ ಯಾರೂ ಕರೆದಿಲ್ಲ.

ಇದೇ ರಸ್ತೆಯಲ್ಲಿ ಈಗ ಇನ್ನೊಂದು ಬಗೆಯ ಗಾಡಿಗಳೂ ಓಡಾಡುತ್ತಿವೆ. ಒಳಗೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಮೇಲೆ ಸೋಲಾರ್ ಫಲಕ, ಹಿಂಬದಿಯಲ್ಲಿ ಹಗ್ಗ, ಹೆಲ್ಮೆಟ್ಟು, ಹುಟ್ಟುಗೋಲು, ಜೊತೆಗೆ ಎರಡು ಮೂರು ಕ್ಯಾಮೆರಾ. ಬಾದಾಮಿಯ ಬಂಡೆ ಏರುವುದು, ವಿಕಾರಾಬಾದ್ ಬಳಿಯ ಕೋಟ್‌ಪಲ್ಲಿ ಜಲಾಶಯದಲ್ಲಿ ದೋಣಿ ನಡೆಸುವುದು, ಪಶ್ಚಿಮ ಘಟ್ಟದ ಜಲಪಾತಗಳನ್ನು ಹುಡುಕಿ ಹೋಗುವುದು, ಎಲ್ಲವನ್ನೂ ಚಿತ್ರೀಕರಿಸಿ ಜನರಿಗೆ ತೋರಿಸುವುದು ಈ ಯುವಕ ಯುವತಿಯರ ಕೆಲಸ. ಕೆಲವರಿಗೆ ಇದು ರಜೆಯ ಹವ್ಯಾಸ. ಕೆಲವರು ನೌಕರಿ ಬಿಟ್ಟು ಇದನ್ನೇ ವೃತ್ತಿ ಮಾಡಿಕೊಳ್ಳಲು ಹೊರಡುತ್ತಿದ್ದಾರೆ.

ಹೈದರಾಬಾದಿನ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ದೂರದ್ದಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿದ್ದವು. ಓದಿಗೆ, ಉದ್ಯೋಗಕ್ಕೆ ಈ ಊರಿಗೆ ಬರುವುದು ಆ ಭಾಗದವರಿಗೆ ತಲೆಮಾರುಗಳ ರೂಢಿ. 1972ರಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಆರಂಭವಾಯಿತು, ಆ ದಶಕದಿಂದಲೇ ಸುತ್ತಮುತ್ತ ಕಾರ್ಖಾನೆಗಳೂ ಎದ್ದವು. ಪಾಳಿಯಲ್ಲಿ ದುಡಿದು ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ ತಂದೆಯ ಮುಂದೆ ಮಗ ಬಂದು, 'ಅಪ್ಪಾ, ಕೆಲಸ ಬಿಡ್ತೀನಿ, ಒಂದು ಹಳೆ ಟೆಂಪೊ ತಗೊಂಡು ಅದರಾಗೇ ಇರ್ತೀನಿ' ಎಂದರೆ ಅಂದು ರಾತ್ರಿ ಆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಹೊರಟವಳು ಮಗಳಾದರಂತೂ ಹೇಳುವುದೇ ಬೇಡ.

ಇಂಥ ಸಂದರ್ಭದಲ್ಲಿ ಹಿರಿಯರಿಂದ ಸಾಮಾನ್ಯವಾಗಿ ಬರುವುದು ಎರಡೇ ಉತ್ತರ. ಒಂದು, 'ಹುಚ್ಚು ಬಿಡು' ಎಂಬ ಗದರಿಕೆ. ಇನ್ನೊಂದು, 'ಈಗಿನ ಮಕ್ಕಳು, ನಮ್ಮ ಮಾತು ಎಲ್ಲಿ ಕೇಳುತ್ತಾರೆ' ಎಂಬ ಮೌನ. ಈ ಎರಡರಿಂದಲೂ ಯಾರಿಗೂ ಉಪಕಾರವಿಲ್ಲ. ಹೋಗುವುದು ಬೇಡ ಎನ್ನುವುದಕ್ಕಿಂತ, ಹೋಗುವವರು ಏನು ಕಲಿತು ಹೊರಟಿದ್ದಾರೆ ಎಂದು ಕೇಳುವುದು ಮುಖ್ಯ.

ಅಲೆದಾಟ ಕನ್ನಡಿಗರಿಗೆ ಹೊಸದಲ್ಲ

ಊರೂರು ತಿರುಗುತ್ತಾ ಕಲೆಯಿಂದ ಹೊಟ್ಟೆ ಹೊರೆಯುವುದು ಕನ್ನಡ ನಾಡಿಗೆ ಚೆನ್ನಾಗಿ ಗೊತ್ತಿರುವ ಬದುಕು. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದ ಮನೆಮಾತಾದ ನಾಟಕ ಕಂಪನಿ ದಶಕಗಳ ಕಾಲ ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿತು. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಇಂದಿಗೂ ಬನಶಂಕರಿ ಜಾತ್ರೆಯಲ್ಲಿ ತಂಬು ಹೂಡುತ್ತವೆ. ಆ ಬಾದಾಮಿಯ ಮರಳುಗಲ್ಲಿನ ಬಂಡೆಗಳೇ ಇಂದು ದೇಶವಿದೇಶದ ಆರೋಹಿಗಳನ್ನು ಕರೆಯುತ್ತಿವೆ ಎಂಬುದು ಗಮನಾರ್ಹ.

ಆದರೆ ಕಂಪನಿಯ ಅಲೆದಾಟಕ್ಕೆ ಒಂದು ಕಟ್ಟುಪಾಡಿತ್ತು. ಮುಂದಿನ ಊರಿನಲ್ಲಿ ಜಾಗ, ನೀರು, ಪರವಾನಗಿ ಎಲ್ಲ ಗೊತ್ತು ಮಾಡಿಕೊಂಡೇ ಕಂಪನಿ ಹೊರಡುತ್ತಿತ್ತು. ಲೆಕ್ಕ ನೋಡುವವರು ಬೇರೆ, ಅಡುಗೆಯವರು ಬೇರೆ. ಹೊಸ ಹುಡುಗನಿಗೆ ಮೊದಲ ದಿನವೇ ರಾಜನ ಪಾರ್ಟು ಸಿಗುತ್ತಿರಲಿಲ್ಲ. ಲಾರಿಯಲ್ಲೂ ಅಷ್ಟೇ, ಕ್ಲೀನರ್ ಆಗಿ ವರ್ಷಗಟ್ಟಲೆ ದುಡಿದವನ ಕೈಗೇ ಸ್ಟೇರಿಂಗ್. ಇಂದಿನ ಗಾಡಿ ಬದುಕಿನಲ್ಲಿ ಚಾಲಕ, ಅಡುಗೆಯವ, ನಟ, ಛಾಯಾಗ್ರಾಹಕ, ಲೆಕ್ಕಿಗ ಎಲ್ಲವೂ ಒಬ್ಬನೇ. ಹೇಳುವ ಹಿರಿಯನೂ ಇಲ್ಲ, ತಡೆಯುವ ಗೆಳೆಯನೂ ಇಲ್ಲ. ತೊಂದರೆ ಇರುವುದು ಇಲ್ಲಿ.

ಹದಿನೈದು ದಿನಗಳ ಅಂತರದ ಎರಡು ಸುದ್ದಿ

2014ರ ಮೇ 25ರಂದು ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಮಾಲಾವತ್ ಪೂರ್ಣಾ ಎವರೆಸ್ಟ್ ಶಿಖರ ಏರಿದಳು. ಆಗ ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ಸಮಾಜ ಕಲ್ಯಾಣ ವಸತಿ ಶಾಲೆಯ ಈ ವಿದ್ಯಾರ್ಥಿನಿಯ ಜೊತೆ ಅಂಥದೇ ಶಾಲೆಯ ಸಾಧನಪಲ್ಲಿ ಆನಂದಕುಮಾರ್ ಕೂಡ ಇದ್ದ. ಅವಳ ಕಥೆ 2017ರಲ್ಲಿ ಹಿಂದಿ ಸಿನಿಮಾ ಆಯಿತು. ಎಲ್ಲರಿಗೂ ನೆನಪಿರುವುದು ಶಿಖರದ ಮೇಲಿನ ಚಿತ್ರ. ಅದಕ್ಕೂ ಮುಂಚೆ ಹೈದರಾಬಾದಿಗೆ ಸಮೀಪದ ಭುವನಗಿರಿಯ ಬಂಡೆಯ ಮೇಲೆ, ಬಳಿಕ ಡಾರ್ಜಿಲಿಂಗಿನಲ್ಲಿ, ಆಮೇಲೆ ಲಡಾಖಿನ ಚಳಿಯಲ್ಲಿ ಆ ಮಕ್ಕಳು ತಿಂಗಳುಗಟ್ಟಲೆ ಬೆವರು ಸುರಿಸಿದ್ದನ್ನು ನೆನೆಯುವವರು ಕಡಿಮೆ.

ಅದಾದ ಎರಡೇ ವಾರಕ್ಕೆ, ಜೂನ್ 8ರಂದು, ಹಿಮಾಚಲದ ಮಂಡಿ ಜಿಲ್ಲೆಯಲ್ಲಿ ಬಿಯಾಸ್ ನದಿಯ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಲಾರ್ಜಿ ಅಣೆಕಟ್ಟಿನಿಂದ ಸರಿಯಾದ ಎಚ್ಚರಿಕೆಯಿಲ್ಲದೆ ನೀರು ಬಿಟ್ಟದ್ದೇ ಇದಕ್ಕೆ ಕಾರಣ. ಆ ಮಕ್ಕಳದು ತಪ್ಪೆಂದು ಹೇಳುವುದು ನಿರ್ದಯ. ಆದರೆ ಮೇಲೊಂದು ಅಣೆಕಟ್ಟಿದೆ, ಯಾವ ಗಳಿಗೆಯಲ್ಲಾದರೂ ನೀರು ಬರಬಹುದು ಎಂದು ಹೇಳಬಲ್ಲ ಒಬ್ಬ ತಿಳಿದವನು ಪಕ್ಕದಲ್ಲಿದ್ದಿದ್ದರೆ ಎಂಬ ಕೊರಗು ಆ ಮನೆಗಳಲ್ಲಿ ಎಂದಿಗೂ ಆರುವಂಥದ್ದಲ್ಲ.

ಎಂಟು ಸಾವಿರ ಮೀಟರಿಗೂ ಮೇಲೇರಿದ ಬಾಲಕಿ ಸುಖವಾಗಿ ಮರಳಿದಳು. ನದಿಯ ದಡಕ್ಕೆ ಇಳಿದವರು ಮರಳಲಿಲ್ಲ. ಧೈರ್ಯ ಎರಡೂ ಕಡೆ ಇತ್ತು. ಬಾಲಕಿಯ ಹಿಂದೆ ತಯಾರಿ ಇತ್ತು, ಗುರು ಇದ್ದರು.

ಸಾಣಾಪುರದ ಬಂಡೆಗಳು

ಹಂಪಿ-ಆನೆಗೊಂದಿ ಪ್ರದೇಶದ ಬಂಡೆಗಳು ಜಗತ್ತಿನ ಆರೋಹಿಗಳ ಕಣ್ಣಿಗೆ ಬೀಳಲು ಒಂದು ಚಿತ್ರವೂ ಕಾರಣವಾಯಿತು. ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಮತ್ತು ಸಂಗಡಿಗರು ಅಲ್ಲಿ ಬಂಡೆ ಏರಿದ್ದನ್ನು ಚಿತ್ರೀಕರಿಸಿದ 'ಪಿಲ್ಗ್ರಿಮೇಜ್' 2003ರಲ್ಲಿ ಹೊರಬಂತು. ಬೆನ್ನ ಮೇಲೆ ದಪ್ಪ ಹಾಸುಗಳನ್ನು ಹೊತ್ತು ಬರುವ ಪ್ರವಾಸಿಗರನ್ನು ಕಂಡು ಹಳ್ಳಿಯವರು ಮೊದಮೊದಲು ಬೆರಗಾಗಿದ್ದರೆ ಆಶ್ಚರ್ಯವಿಲ್ಲ. ಬಿದ್ದರೆ ಪೆಟ್ಟಾಗದಿರಲಿ ಎಂದು ಬಂಡೆಯ ಬುಡದಲ್ಲಿ ಹಾಸುವ ಹಾಸು ಅದು. ಏರುವವನ ಹಿಂದೆ ಕೈಚಾಚಿ ನಿಲ್ಲುವ ಗೆಳೆಯನೂ ಆ ಆಟದ ನಿಯಮವೇ.

ಅದೇ ಸಾಣಾಪುರದ ಬಳಿ 2025ರ ಫೆಬ್ರವರಿ 19ರಂದು ಹೈದರಾಬಾದಿನ ಯುವ ವೈದ್ಯೆಯೊಬ್ಬರು ಬಂಡೆಯ ಮೇಲಿಂದ ತುಂಗಭದ್ರೆಗೆ ಜಿಗಿದರು. ಗೆಳೆಯರು ಚಿತ್ರೀಕರಿಸುತ್ತಿದ್ದರು. ಸೆಳವು ಎಳೆದುಕೊಂಡಿತು, ಮರುದಿನ ಶವ ಸಿಕ್ಕಿತು. 2023ರ ಜುಲೈ 23ರಂದು ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕ ಕಾಲು ಜಾರಿ ಬಿದ್ದದ್ದೂ ಕ್ಯಾಮೆರಾದ ಮುಂದೆಯೇ. ಶವಕ್ಕಾಗಿ ಒಂದು ವಾರ ಹುಡುಕಬೇಕಾಯಿತು. 2024ರ ಜುಲೈನಲ್ಲಿ ರಾಯಗಡ ಜಿಲ್ಲೆಯ ಕುಂಭೆ ಜಲಪಾತದ ಬಳಿ ಕಮರಿಗೆ ಬಿದ್ದು ಅಸುನೀಗಿದ ಮುಂಬಯಿಯ ತರುಣಿ ಪ್ರವಾಸದ ಚಿತ್ರಗಳಿಂದಲೇ ಹೆಸರಾಗಿದ್ದವರು.

ಈ ಯಾವ ಮಕ್ಕಳೂ ಸಾಯಲೆಂದು ಹೋದವರಲ್ಲ. ಆದರೆ ಕ್ಯಾಮೆರಾ ತೋರಿಸುವುದು ಜಿಗಿತವನ್ನು ಮಾತ್ರ. ಜಿಗಿಯುವ ಮುನ್ನ ನೀರಿನ ಆಳ ಅಳೆದದ್ದನ್ನು, ಸ್ಥಳೀಯ ಹರಿಗೋಲಿನವನನ್ನು ಕೇಳಿದ್ದನ್ನು, ಇವತ್ತು ಬೇಡವೆಂದು ಹಿಂದಿರುಗಿದ ಹತ್ತು ದಿನಗಳನ್ನು ಅದು ತೋರಿಸುವುದಿಲ್ಲ. ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಕಂಡು ಚಪ್ಪಾಳೆ ತಟ್ಟುವ ಹುಡುಗರು, ಆ ಕೈಬೆರಳುಗಳ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿದೆ ಎಂಬುದನ್ನು ಯೋಚಿಸಬೇಕು. ಕ್ಯಾಮೆರಾ ಹಿಡಿದವನಿಗೂ ಇಲ್ಲಿ ಹೊಣೆಯಿದೆ. 'ಬೇಡ, ಇಳಿ' ಎಂದು ಹೇಳಬೇಕಾದ ಮೊದಲ ಬಾಯಿ ಅವನದೇ.

ಗಾಡಿಯೊಳಗಿನ ಅಪಾಯ

ಬೆಟ್ಟದ ಅಪಾಯ ಕಣ್ಣಿಗೆ ಕಾಣುತ್ತದೆ, ಗಾಡಿಯೊಳಗಿನದು ಕಾಣುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರ ಬಳಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನ್ ಒಂದರಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಬಂದ ಕಾರ್ಬನ್ ಮೋನಾಕ್ಸೈಡ್ ಅನಿಲ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವನಿಗೆ ಎಚ್ಚರವಾಗುವುದೇ ಇಲ್ಲ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಸ್ಟವ್ ಹಚ್ಚುವುದು, ಎಂಜಿನ್ ಅಥವಾ ಜನರೇಟರ್ ಓಡಿಸುತ್ತಾ ಮಲಗುವುದು ಆತ್ಮಹತ್ಯೆಗೆ ಸಮಾನ ಎಂದರೆ ಅತಿಶಯೋಕ್ತಿಯಾಗಲಾರದು. ಲಾರಿಯ ಕ್ಲೀನರ್ ಸ್ಟವ್ವನ್ನು ಕೆಳಗಿಳಿಸಿ ಬಯಲಲ್ಲಿ ಹಚ್ಚುವುದನ್ನು ನೋಡಿಯಾದರೂ ಓದಿದವರು ಕಲಿಯಬಹುದು.

ಎಲ್ಲಿ ಗಾಡಿ ನಿಲ್ಲಿಸಿ ಮಲಗಬೇಕು ಎಂಬುದೂ ಸಣ್ಣ ವಿಷಯವಲ್ಲ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆಯ ಬಳಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಹಲ್ಲೆಯಲ್ಲಿ ಇಬ್ಬರು ಮಹಿಳೆಯರು ಅತ್ಯಾಚಾರಕ್ಕೊಳಗಾದರು, ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಜೀವ ಕಳೆದುಕೊಂಡ. ತಪ್ಪು ದುಷ್ಕರ್ಮಿಗಳದೇ, ರಾತ್ರಿ ಬಯಲಲ್ಲಿ ಕೂತವರದ್ದಲ್ಲ. ಆದರೂ ಜನವಿಲ್ಲದ ಚೆಂದದ ಜಾಗಕ್ಕಿಂತ ಬೆಳಕಿರುವ ಡಾಬಾ, ಪೆಟ್ರೋಲ್ ಬಂಕು ಮೇಲೆಂದು ಲಾರಿಯವರು ಸುಮ್ಮನೆ ಆರಿಸಿಕೊಂಡಿಲ್ಲ.

ಇನ್ನು ಕಾಯ್ದೆಯ ಮಾತು. ಗಾಡಿಯ ಒಳಭಾಗವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಮಿತಿ ಹಾಕಿದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಒತ್ತಿ ಹೇಳಿದೆ. ಆರ್‌ಟಿಒ ಪುಸ್ತಕದಲ್ಲಿ ಒಂದು, ರಸ್ತೆಯ ಮೇಲೆ ಇನ್ನೊಂದು ಎಂದಾದರೆ ಅಪಘಾತದ ದಿನ ವಿಮೆಯ ಹಣಕ್ಕೂ ತಕರಾರು ಬರಬಹುದು. ತೆಲಂಗಾಣದ ಗಾಡಿ ಕರ್ನಾಟಕದಲ್ಲಿ ಹನ್ನೆರಡು ತಿಂಗಳು ದಾಟಿ ಉಳಿದರೆ ಅಲ್ಲಿ ಹೊಸ ನೋಂದಣಿ ಬೇಕು. ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳಿವೆ. ಪಟಾನ್‌ಚೆರುವಿಗೆ ಹತ್ತಿರದ ದುಂಡಿಗಲ್‌ನಲ್ಲಿಯೂ ಬೀದರಿನಲ್ಲಿಯೂ ವಾಯುಪಡೆಯ ನೆಲೆಗಳಿವೆ. ನಕ್ಷೆ ನೋಡದೆ ಹಾರಿಸಿದರೆ ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಹೊಟ್ಟೆಪಾಡಿನ ಲೆಕ್ಕ

ಚಿತ್ರಗಳನ್ನು ಯೂಟ್ಯೂಬಿಗೆ ಹಾಕಿದ ಮಾತ್ರಕ್ಕೆ ದುಡ್ಡು ಸುರಿಯುವುದಿಲ್ಲ. ಜಾಹೀರಾತಿನ ಪಾಲು ಪಡೆಯಲು ಒಂದು ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಬೇಕೆಂಬ ಷರತ್ತು 2018ರಲ್ಲೇ ಬಂದಿದೆ. ಅದನ್ನು ದಾಟಿದರೂ ಡೀಸೆಲ್ಲಿನ ಖರ್ಚು ಹುಟ್ಟುವುದು ಎಲ್ಲರಿಗೂ ಸಾಧ್ಯವಿಲ್ಲ. ಆಗ ಹುಟ್ಟುವ ಆಸೆಯೇ ಅಪಾಯಕಾರಿ. ಕಳೆದ ವಾರದ್ದಕ್ಕಿಂತ ಎತ್ತರದ ಬಂಡೆ, ಇನ್ನಷ್ಟು ವೇಗದ ಬೈಕು, ಇನ್ನಷ್ಟು ಅಂಚಿನ ನಿಲುವು. ನೋಡುಗರ ಸಂಖ್ಯೆ ಬೆಟ್ಟಕ್ಕೆ ಗುರುವಾಗಬಾರದು.

ಸಾಮಾನ್ಯ ಅಪಘಾತ ವಿಮೆಗಳು ಸಾಹಸ ಕ್ರೀಡೆಯನ್ನು ಹೆಚ್ಚಾಗಿ ಹೊರಗಿಟ್ಟಿರುತ್ತವೆ. ಮನೆಗೆ ಆಧಾರವಾಗಿರುವ ಮಗ ಇದನ್ನು ಓದಿ ನೋಡದೆ ಹೊರಟರೆ, ಏನಾದರೂ ಆದ ದಿನ ಮುದಿ ತಂದೆ ತಾಯಿಗೆ ಉಳಿಯುವುದು ಗಾಡಿಯ ಸಾಲ ಮಾತ್ರ.

ಸಂಘಗಳು ಮನಸ್ಸು ಮಾಡಲಿ

ಅಪಾಯವಿಲ್ಲದ ಸಾಹಸ ಸಾಹಸವೇ ಅಲ್ಲ, ನಿಯಮ ಹೇಳುತ್ತಾ ಕೂತರೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ ಎಂದು ಯುವಕರು ವಾದಿಸುವುದುಂಟು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರ ಬದುಕೇ ಒಂದು ಸಾಹಸ. ಅವರ ಮಕ್ಕಳಿಗೆ ದಾರಿಯ ಸೆಳೆತ ಇರಬಾರದು ಎನ್ನಲಾಗದು. ಆದರೆ ಅಂದು ಬಂದವರು ಊರಿನವರ ವಿಳಾಸ ಕಿಸೆಯಲ್ಲಿಟ್ಟುಕೊಂಡು ಬಂದರು. ಇಳಿದ ದಿನ ಒಂದು ಮನೆ, ಒಂದು ಹೊತ್ತಿನ ಊಟ ಕಾದಿತ್ತು.

ಅಂಥ ವಿಳಾಸವನ್ನು ಇಂದಿನ ಮಕ್ಕಳಿಗೂ ಕೊಡುವ ಕೆಲಸವನ್ನು ಕನ್ನಡ ಸಂಘಗಳು ಮಾಡಬಹುದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ಹಿಡಿದು ಬಡಾವಣೆಗಳ ಚಿಕ್ಕ ಸಂಘಗಳವರೆಗೆ ಹೈದರಾಬಾದಿನಲ್ಲಿ ಕನ್ನಡಿಗರು ಸೇರುವ ತಾಣಗಳಿವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಒಂದು ಸಂಜೆ ಈ ಯುವಕರ ಚಿತ್ರ ತೋರಿಸಲಿ, ಜೊತೆಗೆ ಪ್ರಥಮ ಚಿಕಿತ್ಸೆ ಬಲ್ಲ ವೈದ್ಯರೊಬ್ಬರನ್ನು, ಭುವನಗಿರಿಯಲ್ಲಿ ಬಂಡೆ ಏರುವುದನ್ನು ಕಲಿಸುವವರನ್ನು, ಹೆದ್ದಾರಿಯ ಹಳೆಯ ಲಾರಿ ಚಾಲಕರೊಬ್ಬರನ್ನೂ ಕೂರಿಸಲಿ. ಬೀದರ್, ಕಲಬುರಗಿ, ಬಾದಾಮಿ, ಹೊಸಪೇಟೆಯಲ್ಲಿ ರಾತ್ರಿ ಗಾಡಿ ನಿಲ್ಲಿಸಲು ಅಂಗಳ ಕೊಡುವ ಮನೆಗಳ ಪಟ್ಟಿಯನ್ನು ಸಂಘದ ಸದಸ್ಯರೇ ತಯಾರಿಸಬಹುದು. ಖರ್ಚು ಹೆಚ್ಚೇನೂ ಇಲ್ಲ.

ಹೆತ್ತವರೂ ಬೈದು ಬಾಗಿಲು ಹಾಕುವ ಬದಲು ಮೂರು ಮಾತು ಕೇಳಲಿ: ಯಾರ ಹತ್ತಿರ ಕಲಿತೆ, ಯಾರ ಜೊತೆ ಹೋಗುತ್ತೀ, ರಾತ್ರಿ ಎಲ್ಲಿಂದ ಫೋನ್ ಮಾಡುತ್ತೀ. ಮೂರಕ್ಕೂ ಉತ್ತರವಿದ್ದರೆ ಬುತ್ತಿ ಕಟ್ಟಿ ಕಳುಹಿಸಲಿ. ಒಂದಕ್ಕೆ ಉತ್ತರವಿಲ್ಲದಿದ್ದರೂ ಗಾಡಿ ಇನ್ನೊಂದು ತಿಂಗಳು ಪಟಾನ್‌ಚೆರುವಿನಲ್ಲೇ ನಿಂತಿರಲಿ. ಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲ.