ಮುಟ್ಟದೆ ಆಡಲಾಗದ ಆಟ

ಕಬಡ್ಡಿಯಲ್ಲಿ ಮುಟ್ಟದೆ ಯಾರನ್ನೂ ಔಟ್ ಮಾಡಲಾಗುವುದಿಲ್ಲ. ಇದು ನನಗೆ ತಿಳಿದದ್ದು ಆರನೇ ಕ್ಲಾಸಿನಲ್ಲಿ. ನಾನು ಕೇರಿಯ ಹುಡುಗ. ನಮಗೆ ಮೇಲಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದ ಮನೆಯ ಮಗ ಆ ದಿನ ನಾನು ರೈಡಿಗೆ ನುಗ್ಗಿದಾಗ ನನ್ನ ಕಾಲನ್ನು ತಬ್ಬಿ ಹಿಡಿದ. ಕೊಸರಿದೆ, ಬಿಡಲಿಲ್ಲ. ಇಬ್ಬರೂ ಮಣ್ಣಲ್ಲಿ ಹೊರಳಿದೆವು. ಕ್ಲಾಸಿನೊಳಗೆ ಕೂರುವ ಜಾಗ ಬೇರೆ, ಕುಡಿಯುವ ಲೋಟ ಬೇರೆ. ಮೈದಾನದ ಆ ನಲವತ್ತು ನಿಮಿಷ ಮಾತ್ರ ನಮ್ಮ ಬೆವರು ಅವನಿಗೆ, ಅವನದು ನಮಗೆ. ಸಂಜೆ ಅವನ ಅವ್ವ ತಲೆಗೆ ನೀರು ಹೊಯ್ದೇ ಒಳಗೆ ಬಿಟ್ಟುಕೊಂಡಳಂತೆ. ಮುಂದಿನ ವಾರ ಅವನು ಮತ್ತೆ ಆಡಲು ಬಂದ.

ಆಮೇಲೆ ಆ ಆಟದ ಪೀರಿಯಡ್ಡನ್ನೇ ಕದ್ದರು. ಪೋರ್ಷನ್ ಮುಗಿದಿಲ್ಲ ಎಂದು ಗಣಿತದ ಮೇಷ್ಟ್ರು ಒಳಗೆ ಕೂಡಿಹಾಕಿದರು. ಈಗ ನನ್ನ ತಂಗಿಯ ಮಗಳ ಶಾಲೆಯಲ್ಲೂ ಅದೇ ಕಳವು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಆಟಕ್ಕೆ ಒಂದೂ ಇಲ್ಲ. ಅಂಕವಿಲ್ಲದ್ದನ್ನು ಕದ್ದರೆ ಕೇಳುವವರು ಯಾರು?

ಕಾನೂನಾದರೂ ಕಾಯುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿ. ಆಟದ ಮೈದಾನ ಬೇಕು ಎನ್ನುತ್ತದೆ, ಆಟದ ಸಾಮಾನು ಬೇಕು ಎನ್ನುತ್ತದೆ. ಆಡಿಸುವವರ ಮಾತು ಬಂದಾಗ ಮಾತ್ರ ನಾಲಿಗೆ ತೊದಲುತ್ತದೆ: 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಬೋಧಕರು, ಅದೂ ಅರೆಕಾಲಿಕ! ಹಳ್ಳಿಯ ಮೂವತ್ತು, ನಲವತ್ತು ಮಕ್ಕಳಿಗೆ ಮೈ ಇಲ್ಲವೇ? ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಶಿಕ್ಷಣ ಇಲಾಖೆ ಅದನ್ನು ಭಾಷಣಕ್ಕೆ ಇಟ್ಟುಕೊಂಡಿದೆ. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನದ ಘೋಷಣೆಯಾಯಿತು. ಆಮೇಲೆ ಪ್ರತಿಜ್ಞೆ, ಫೋಟೋ, ಅಪ್‌ಲೋಡ್.

ಇರುವ ಪಿ.ಟಿ. ಮೇಷ್ಟ್ರನ್ನು ಏನು ಮಾಡಿದ್ದೇವೆ? ಪ್ರಾರ್ಥನೆಗೆ ಸೀಟಿ ಊದು, ಆಗಸ್ಟ್ 15ಕ್ಕೆ ಕವಾಯತು ಮಾಡಿಸು, ಮಂತ್ರಿಗೆ ಬ್ಯಾಂಡು ಬಾರಿಸು. ದೈಹಿಕ ಶಿಕ್ಷಣ ಶಿಕ್ಷಕರ ಕುರಿತ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಅವರು ವರ್ಷಗಟ್ಟಲೆ ಕೂಗಿ ಗಂಟಲು ಹರಿದುಕೊಂಡಿದ್ದಾರೆ. ಅತ್ತ ಬೆಂಗಳೂರಿನ ಲಕ್ಷಗಟ್ಟಲೆ ಫೀಸಿನ ಶಾಲೆಯಲ್ಲಿ ಹಸಿರು ಟರ್ಫು, ಈಜುಕೊಳ, ಆಟಕ್ಕೊಬ್ಬ ಕೋಚು. ಇತ್ತ ನಮ್ಮ ಮಕ್ಕಳ ಕೈಗೆ ಕಸಬರಿಗೆ ಕೊಟ್ಟು, ಅದೂ ವ್ಯಾಯಾಮವೇ ಅಲ್ಲವೇ ಎಂದು ನಗುವ ಹೆಡ್ಮಾಸ್ಟರನ್ನು ನಾನೇ ಕಂಡಿದ್ದೇನೆ.

ಇನ್ನು ಆರೋಗ್ಯದ ಪಾಠ. ಬರೀ ಹೊಟ್ಟೆಯಲ್ಲಿ ಬಂದ ಹುಡುಗಿಗೆ ಸಮತೋಲನ ಆಹಾರದ ಚಿತ್ರ ಬರೆಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಆ ರಕ್ತಕ್ಕೆ ಶಾಲೆಯ ಬಿಸಿಯೂಟದಲ್ಲಿ ಒಂದು ಮೊಟ್ಟೆ ಕೊಡಲು ರಾಜ್ಯ ಸರ್ಕಾರ ಹೊರಟಾಗ, 2021ರಲ್ಲಿ, ಕೆಲವು ಮಠಾಧೀಶರು ಅಡ್ಡ ನಿಂತರು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ತಿರುಗಿ ನಿಂತವಳು ಗಂಗಾವತಿಯ ಒಬ್ಬ ಶಾಲಾ ಹುಡುಗಿ. ಇಡೀ ಪಠ್ಯಪುಸ್ತಕಕ್ಕಿಂತ ದೊಡ್ಡ ಆರೋಗ್ಯದ ಪಾಠ ಅದು. ಕಲಿಸಿದವಳು ವಿದ್ಯಾರ್ಥಿನಿ.

ಅಂಥ ಹುಡುಗಿ ಮೈನೆರೆದ ಮರುದಿನವೇ ಕೊಕ್ಕೊ ಅಂಗಳದಿಂದ ಮಾಯವಾಗುತ್ತಾಳೆ. ಮನೆಯವರು ಕರೆದೊಯ್ಯುತ್ತಾರೆ, ಶಾಲೆ ಹಾಜರಿ ಹಾಕಿ ಸುಮ್ಮನಾಗುತ್ತದೆ.

ನಾಳೆ ನಿಮ್ಮೂರ ಸರ್ಕಾರಿ ಶಾಲೆಗೆ ಹೋಗಿ. ಗೋಡೆಯ ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣ ಎಂದು ಬರೆದ ಹೊತ್ತಿಗೆ ಮಕ್ಕಳು ಎಲ್ಲಿದ್ದಾರೆ ನೋಡಿ. ಒಳಗೆ ಲೆಕ್ಕ ಮಾಡುತ್ತಿದ್ದರೆ ಬಾಗಿಲಲ್ಲೇ ನಿಂತು ಜೋರಾಗಿ ಕೇಳಿ: ಮೇಷ್ಟ್ರೇ, ಇದು ಯಾರ ಪೀರಿಯಡ್ಡು?